ಡೇನಿಶ್ ಲೇಖಕಿಯ ಅತ್ತೆ

ಕೊಲಿಂಡೇಲ್, ಲಂಡನ್
೧೩ ನವೆಂಬರ್ ೨೦೨೪

ಚಿರಂಜೀವಿ ಶಶಿಧರನಿಗೆ,

ನಾನು ನಿನ್ನ ತಾಯಿ, ಮನೆಯ ಹಿರಿಯಳು. ಧಾರವಾಡದಲ್ಲಾಗಲಿ ಸಟನ್‌ನ ನಿನ್ನ ಮನೆಯಲ್ಲಾಗಲಿ, ನಲವತ್ತು ವರ್ಷಗಳಿಂದ ನನ್ನ ಮಾತನ್ನು ಯಾರೂ ಮೀರಿಲ್ಲ. ಅದಕ್ಕೇ ನೀನು ಆ ಕಾಗದಕ್ಕೆ ನನ್ನ ಸಹಿ ಕೇಳಿದೆ. ಮೂರು ದಿನ ಫೋನ್ ಎತ್ತಲಿಲ್ಲವೆಂದು ಬೇಸರಿಸಬೇಡ. ಎತ್ತಿದ್ದರೆ ನೀನು ನನಗೆ ಮಾತಾಡಗೊಡುತ್ತಿರಲಿಲ್ಲ.

ಮೊದಲ ತಪ್ಪು ನನ್ನದು. "ನಮ್ಮತ್ತಿ ಬಾಗಿಲ ಹಿಂದ ನಿಂತು ಕೇಳತಾಳ. ನನ್ನ ಊಟದಾಗ ಏನೋ ಹಾಕತಾಳ" ಎಂದು ನಿನ್ನ ಹೆಂಡತಿ ಸ್ಫೂರ್ತಿ ಕೋಣೆಯಲ್ಲಿ ಒಬ್ಬಳೇ ಹೇಳುತ್ತಿದ್ದಳು. ನಾನು ಬಾಗಿಲ ಹಿಂದೆಯೇ ಇದ್ದೆ. ಸಿಟ್ಟಿಗೆದ್ದು ನಿನಗೆ ಹೇಳಿದೆ. ಅಂದಿನಿಂದ ನೀನು ಅವಳ ಮಾತುಗಳನ್ನು ತಾರೀಖು ಹಾಕಿ ಬರೆದಿಡತೊಡಗಿದೆ. ಅವಳ ಪಾಸ್‌ಪೋರ್ಟ್ ನಿನ್ನ ಕಪಾಟು ಸೇರಿತು. ಹಾಲಿನಲ್ಲಿ ಮಾತ್ರೆ ಕರಗಿಸಿ ಅವಳಿಗೆ ಕೊಡು ಎಂದು ನೀನು ನನಗೆ ಹೇಳಿದೆ. ನೀನು ಡಾಕ್ಟರ್ ಎಂದು ನಂಬಿ ನಾನು ಎರಡು ದಿನ ಕೊಟ್ಟೆ. ಅವಳ ಕೈ ನಡುಗುವುದನ್ನು ಕಂಡು ಮೂರನೆಯ ದಿನ ಸಿಂಕಿಗೆ ಸುರಿದೆ.

ನನ್ನ ಮೇಲೆ ಯಾಕೆ ಹಾಗೆ ಹೇಳುತ್ತಿದ್ದೆ ಎಂದು ಕೊನೆಗೆ ನಾನು ಅವಳನ್ನೇ ಕೇಳಿದೆ.

"ಅಯ್ಯ, ಅದು ನಿಮಗಲ್ರೀ ಅತ್ತಿ," ಎಂದು ನಕ್ಕಳು. "ಡೆನ್ಮಾರ್ಕಿನಾಕಿ ಒಬ್ಬಾಕಿ, ಯೊಹಾನ್ನೆ ಅಂತ. ನೂರೈವತ್ತು ವರ್ಷದ ಹಿಂದ ಬರದದ್ದು. ಕನ್ನಡಕ್ಕ ಮಾಡೂಮುಂದ ನಮ್ಮ ಮಾತಿನಾಗ ಅಂದು ನೋಡತೀನಿ, ಕಿವಿಗೆ ಹೊಂದಬೇಕಲ್ಲ."

ಯೊಹಾನ್ನೆ ಮೂರು ಕಾದಂಬರಿ ಬರೆದಳಂತೆ. ಪಾದ್ರಿಯಾಗಿದ್ದ ಗಂಡ, ಇವಳಿಗೆ ಹುಚ್ಚು ಎಂದನಂತೆ. ಊರು ನಂಬಲಿಲ್ಲ; ಹೌದೆಂದು ಅವನ ತಾಯಿ ಕಾಗದಕ್ಕೆ ಸಹಿ ಹಾಕಿದ ಮೇಲೆ ನಂಬಿತು. ಹನ್ನೊಂದು ವರ್ಷ ಹುಚ್ಚಾಸ್ಪತ್ರೆಯಲ್ಲಿದ್ದು ಅಲ್ಲೇ ಸತ್ತಳು.

"ಆ ಅತ್ತಿ ಯಾಕ ಸಹಿ ಹಾಕಿದ್ಲು?" ಎಂದು ಕೇಳಿದೆ.

"ಮನಿ ಮರ್ಯಾದಿಗೆ, ಮತ್ಯಾಕ."

ಇದು ಬರೀ ಅನುವಾದವೆಂದು ನಿನಗೆ ಹೇಳಲು ಓಡಿಬಂದೆ. ನೀನು ಟೈ ಕಟ್ಟಿಕೊಳ್ಳುತ್ತ, "ಗೊತ್ತದ ಅವ್ವಾ. ಆಕಿ ಅದೇ ಅನುವಾದಕ್ಕ ಒಂದು ವರ್ಷ ಡೆನ್ಮಾರ್ಕಿಗೆ, ಕೋಪನ್‌ಹೇಗನ್‌ಗೆ ಹೊಂಟಾಳ. ಹೋದ್ರ ತಿರುಗಿ ಬರಂಗಿಲ್ಲ. ಸೋಮವಾರ ಡಾಕ್ಟರು ಬರತಾರ, ಆಕಿಗೆ ಹುಚ್ಚು ಅಂತ ಬರದ ಕಾಗದಕ್ಕ ನೀ ಸಹಿ ಮಾಡು ಸಾಕು" ಎಂದೆ.

ನಿನಗೆ ಗೊತ್ತಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಮುಖವನ್ನು ಅವತ್ತು ನಾನು ಸರಿಯಾಗಿ ನೋಡಿದೆ.

ಭಾನುವಾರ ನೀನು ಡ್ಯೂಟಿಗೆ ಹೋದ ಮೇಲೆ ಕಪಾಟಿನ ಬೀಗ ಒಡೆಸಿದವಳು ನಾನು. ಪಾಸ್‌ಪೋರ್ಟ್ ತೆಗೆದುಕೊಂಡು ನಾನೂ ಸ್ಫೂರ್ತಿಯೂ ಇಲ್ಲಿಗೆ, ನಿನ್ನ ತಂಗಿ ಸುವರ್ಣಾಳ ಫ್ಲ್ಯಾಟಿಗೆ ಬಂದೆವು. ಇಂದು ಬೆಳಿಗ್ಗೆ ಸ್ಫೂರ್ತಿ ಕೋಪನ್‌ಹೇಗನ್ ವಿಮಾನ ಹತ್ತಿದಳು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ ಎಂದೇ ಈಗಲೂ ಬೇಡುತ್ತೇನೆ.

ನಿನ್ನ ಅವ್ವ,
ರತ್ನಾಬಾಯಿ

ತಾ.ಕ.: ನಿನ್ನ ಸೋದರತ್ತೆ ಕಲ್ಯಾಣಿ ಜ್ವರದಿಂದ ಸತ್ತಳೆಂದು ನಿನಗೆ ಹೇಳಿದ್ದೆವು. ಹುಚ್ಚಾಸ್ಪತ್ರೆಯಲ್ಲಿ ಒಂಬತ್ತು ವರ್ಷ ಇದ್ದು ಸತ್ತಳು. ಅವಳಿಗೆ ಹುಚ್ಚಿರಲಿಲ್ಲ; ಬೇರೆ ಜಾತಿಯವನನ್ನು ಮದುವೆಯಾಗುತ್ತೇನೆ ಎಂದಿದ್ದಳು, ಅಷ್ಟೆ. ಸಾಕ್ಷಿಯ ಸಹಿ ನನ್ನದು. ಹಾಲಿನ ವಿಷಯ, ಪಾಸ್‌ಪೋರ್ಟಿನ ವಿಷಯ, ನನ್ನ ಪಾಲಿನದನ್ನೂ ಬಿಡದೆ ಎಲ್ಲವನ್ನೂ ಬರೆದು, ನಿನ್ನೆ ಪೊಲೀಸ್ ಠಾಣೆಗೆ ಕೊಟ್ಟು ಬಂದಿದ್ದೇನೆ.