ಹನ್ನೊಂದನೇ ಪುಟದ ಕೆಂಪು

ತಮ್ಮನಿಗೆ, ನಿನ್ನ ಅಕ್ಕ ಬರೆಯುವುದು.

ಮೊದಲು ಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತು ಓದು. ಕಾಗದವನ್ನು ಮ್ಯಾನೇಜರನ ಕೈಗೆ ದಾಟಿಸಿ "ಏನೋ ಬರ್ದಿದ್ದಾಳೆ, ನೋಡ್ರಿ" ಅಂದೆಯೋ, ನಿನ್ನ ಇಂಕಿನ ಕಾರ್ಖಾನೆಯ ಗೇಟಿಗೇ ಬಂದು ಕೂರುತ್ತೇನೆ. ನನ್ನ ಮೊಮ್ಮಗಳು ನಿನ್ನ ಕಂಪನಿಗೆ ಮೂರು ಸಲ ಬರೆದಳು. ಮೂರು ಸಲವೂ ಒಂದೇ ಉತ್ತರ: "ಉಚಿತ ಸಾಫ್ಟ್‌ವೇರುಗಳಿಗೆ ನಮ್ಮ ಬಣ್ಣಗಳ ಅಳತೆ ಕೊಡುವ ಪದ್ಧತಿ ಇಲ್ಲ." ಕೆಳಗೆ ನಿನ್ನ ಸಹಿ. ಓದಿ ಹಾಕಿದೆಯೋ, ಉಣ್ಣುತ್ತ ಎಡಗೈಯಲ್ಲಿ ಗೀಚಿದೆಯೋ?

ನಿನ್ನ ಭಾವ ಹೋದಾಗ ನೀನು ಬಂದು ಹೆಗಲು ಕೊಟ್ಟೆ. "ವಯಸ್ಸಾಗಿತ್ತು ಬಿಡಕ್ಕ, ಸುಖವಾಗಿ ಹೋದ್ರು" ಅಂದೆ. ಸುಖವಾಗಿ ಹೋಗಲಿಲ್ಲ ಕಣೋ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಒದ್ದಾಡಿ ಹೋದರು. ಹೇಗೆಂದು ನಿನಗೆ ಯಾರೂ ಹೇಳಿಲ್ಲ. ನಾನು ಹೇಳುತ್ತೇನೆ.

ನಮ್ಮ ಬೀದಿಯ ಔಷಧಾಲಯದಲ್ಲಿ ಎರಡು ಸೀಸೆ ಕೊಡುತ್ತಾರೆ, ಎರಡೂ ಒಂದೇ ಗಾತ್ರ. ಕಂದು ಲೇಬಲ್ಲಿನದು ಕೆಮ್ಮಿಗೆ ಕುಡಿಯುವುದು, ಕಡುಗೆಂಪು ಲೇಬಲ್ಲಿನದು ಮಂಡಿಗೆ ಹಚ್ಚುವ ಎಣ್ಣೆ. ಓದು ಬಾರದವರಿಗೆ ಬಣ್ಣವೇ ಅಕ್ಷರ. ಆ ಕೆಂಪನ್ನು ಬೆರೆಸಿದ್ದೇ ನಿನ್ನ ಭಾವ, ಪ್ರೆಸ್ಸಿನಲ್ಲಿದ್ದ ಕಾಲಕ್ಕೆ. ಈಗ ಅದೇ ಪ್ರೆಸ್ಸಿನಲ್ಲಿ ಮೊಮ್ಮಗಳು ಕಂಪ್ಯೂಟರಿನ ಮುಂದೆ ಕೂತು ಲೇಬಲ್ಲು ಮಾಡುತ್ತಾಳೆ. ಅವಳ ಸಾಫ್ಟ್‌ವೇರ್ ಯಾರೊಬ್ಬರದೂ ಅಲ್ಲ. ಬಲ್ಲವರು ಕೂಡಿ ಕಟ್ಟಿ, ಬೇಕಾದವರು ಬಳಸಿ ಎಂದು ಬಿಟ್ಟದ್ದು, ಊರ ಬಾವಿಯ ಹಾಗೆ. ಅದರಲ್ಲಿ ಎಲ್ಲ ಇದೆ, ನಿನ್ನ ಇಂಕಿನ ಬಣ್ಣಗಳಿಲ್ಲ. ಮೂರು ಸಲ ಕೇಳಿದರೂ ನೀನು ಕೊಟ್ಟರೆ ತಾನೆ. ಪಾಪದ ಹುಡುಗಿ ನಿನ್ನ ಕಂಪನಿಯವರು ಹಂಚುವ ಬಣ್ಣದ ಪುಸ್ತಕವನ್ನು ಕಂಪ್ಯೂಟರಿನ ತೆರೆಯ ಪಕ್ಕ ಹಿಡಿದು, ಎಣ್ಣೆಯ ಲೇಬಲ್ಲಿನ ಕೆಂಪನ್ನು ಕಣ್ಣಂದಾಜಿನಲ್ಲಿ ಹೊಂದಿಸಿದಳು. ತೆರೆಯ ಮೇಲೆ ಕಡುಗೆಂಪಾಗಿದ್ದದ್ದು ಕಾಗದಕ್ಕೆ ಇಳಿದಾಗ ಕಂದು ಬಣ್ಣವಾಯಿತು. ಮೆಷಿನ್ನಿನವನು "ಕಂಪ್ಯೂಟರಿಂದ ಬಂದಿದ್ದೇ ಹಾಗೆ" ಎಂದು ಅಚ್ಚು ಹಾಕಿದ. ಹಳೆಯ ಲೇಬಲ್ಲಿನ ಪಕ್ಕ ಇಟ್ಟು ಯಾರೂ ನೋಡಲಿಲ್ಲ.

ನಿನ್ನ ಭಾವನಿಗೆ ಅಕ್ಷರ ಬಾರದು, ನಿನಗೆ ಗೊತ್ತು. ಪ್ರೆಸ್ಸಿನ ಸೀಮೆಎಣ್ಣೆಯಲ್ಲಿ ಕೈ ತೊಳೆದೂ ತೊಳೆದೂ ಮೂಗು ಸತ್ತು ಎಷ್ಟೋ ವರ್ಷವಾಗಿತ್ತು. ಉಳಿದದ್ದು ಕಣ್ಣೊಂದೇ. ಆ ಕಣ್ಣು ಕೊನೆಯವರೆಗೂ ತಪ್ಪಲಿಲ್ಲ. ಕೆಮ್ಮಿಗೆ ಕಂದು ಎಂದು ಎಣ್ಣೆಯ ಸೀಸೆ ಎತ್ತಿಕೊಂಡರು, ಅದು ಕಂದೇ ಆಗಿತ್ತು. ಚಮಚ ತೊಳೆದು ಕೊಟ್ಟವಳು ನಾನು. 'ಹೊರಗೆ ಹಚ್ಚಲು ಮಾತ್ರ' ಎಂದು ಕೆಳಗೆ ಬರೆದಿತ್ತು. ನಾಲ್ಕನೇ ಕ್ಲಾಸಿನ ಅಕ್ಷರ ನನಗಿದೆ, ಓದಬಹುದಿತ್ತು. ಬಣ್ಣದ ವಿಷಯದಲ್ಲಿ ಅವರನ್ನು ಪರೀಕ್ಷೆ ಮಾಡುವುದುಂಟೆ ಎಂದು ಸೀಸೆಯ ಕಡೆ ನೋಡಲೇ ಇಲ್ಲ. ಎರಡು ಚಮಚ ಕುಡಿದು "ಈ ಸಲದ್ದು ಗಂಟ್ಲು ಸುಡುತ್ತೆ, ಒಳ್ಳೇ ಔಷಧಿ" ಅಂದರು. ಸಂಜೆಗೆ ಇನ್ನೆರಡು.

ಮೊಮ್ಮಗಳು ಈಗ ತಲೆ ಎತ್ತದೆ ತಟ್ಟೆ ನೋಡುತ್ತ ಉಣ್ಣುತ್ತಾಳೆ. "ತಾತನ್ನ ನಾನೇ ಕೊಂದೆ ಅಜ್ಜಿ" ಅಂದಳು. "ಕೊಂದವರ ಸಾಲಲ್ಲಿ ನಿಲ್ಲೋದಾದ್ರೆ ದೊಡ್ಡೋರು ಮುಂದೆ. ನಾನಿದ್ದೀನಿ, ನಿನ್ನ ಚಿಕ್ಕತಾತ ಇದ್ದಾನೆ. ನೀನು ಹಿಂದಕ್ಕೆ ಹೋಗು" ಅಂದೆ. ನಗಲಿಲ್ಲ ಅವಳು.

ನೀನು ಕಾರ್ಖಾನೆ ಶುರು ಮಾಡುವಾಗ ಇಲ್ಲಿಂದ ಒಯ್ದ ಕೈಬರಹದ ಪುಸ್ತಕ ನೆನಪಿದೆಯೇ? ನಿನ್ನ ಭಾವ ಹೆಬ್ಬೆರಳಿನಿಂದ ಬಣ್ಣ ಒತ್ತುವುದು, ನಾನು ಪಕ್ಕದಲ್ಲಿ ಸೊಟ್ಟಸೊಟ್ಟಗೆ ಅಳತೆ ಬರೆಯುವುದು. ಹನ್ನೊಂದನೇ ಪುಟದಲ್ಲಿ ಈ ಕೆಂಪಿದೆ. ಕಪಾಟು ತೆಗೆದು ನೋಡು. ಕೊಡುವಾಗ ನಾನೇ ತಡೆದಿದ್ದೆ, "ಎಲ್ಲ ಕೊಟ್ಬಿಟ್ರೆ ನಮ್ಗೇನು ಉಳಿಯುತ್ತೆ?" ಎಂದು. "ಇಂಕನ್ನ ಮುಚ್ಚಿಟ್ರೂ ಒಣಗುತ್ತೆ ಕಣೇ" ಎಂದು ನಿನ್ನ ಕೈಗಿಟ್ಟರು. ಅವರ ಕೆಂಪು ನಿನ್ನ ಬೀಗದ ಒಳಗಿತ್ತು, ಅವರು ಬೀಗದ ಹೊರಗೆ ಸತ್ತರು.

ಅಳತೆ ಹೊರಗೆ ಬಿಟ್ಟರೆ ಕಂಪನಿ ಮುಳುಗೀತೆಂದು ಹೆದರಬೇಡ. ನಾನು ಕೇಳುವುದು ಇಂಕು ಅರೆಯುವ ಗುಟ್ಟನ್ನಲ್ಲ. ಯಾವ ನಂಬರಿಗೆ ಯಾವ ಬಣ್ಣ, ಕಾಗದದ ಮೇಲೆ ಅದು ಹೇಗೆ ಕಾಣಬೇಕು, ಇಷ್ಟೇ. ಅದನ್ನು ತಿಳಿದವರೂ ಇಂಕಿನ ಡಬ್ಬಿಗೆ ನಿನ್ನ ಬಾಗಿಲಿಗೇ ಬರಬೇಕು. ಪುಸ್ತಕದಲ್ಲಿರುವ ಒಂದೊಂದು ಬಣ್ಣದ ಅಳತೆಯನ್ನೂ ಆ ಸಾಫ್ಟ್‌ವೇರ್ ಓದುವ ಹಾಗೆ ಬರೆಸಿ, ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಬಿಡು. ಆ ಸಾಫ್ಟ್‌ವೇರ್ ಕಟ್ಟುವವರ ಜೊತೆ ನಿನ್ನ ಬಣ್ಣ ಬಲ್ಲ ಒಬ್ಬನನ್ನು ಕೂರಿಸು. ಬೇರೆ ಇಂಕಿನವರಿಗೂ ಹೇಳು, ಹಿರಿಯನ ಮಾತು ಕೇಳಿಯಾರು. ನಮ್ಮಂಥ ಸಣ್ಣ ಪ್ರೆಸ್ಸು ಒಂದೇ ಅಲ್ಲ ಇರುವುದು, ಕಣ್ಣಂದಾಜಿನ ಹುಡುಗಿಯೂ ಒಬ್ಬಳೇ ಅಲ್ಲ.

ತಪ್ಪು ಲೇಬಲ್ಲಿನ ಸೀಸೆಗಳು ಇನ್ನೂ ಮುಗಿದಿಲ್ಲ. ದಿನಾ ಬೆಳಿಗ್ಗೆ ಔಷಧಾಲಯದ ಬೆಂಚಿನ ಮೇಲೆ ಕೂತು ಎಣ್ಣೆಯ ಸೀಸೆಗೊಂದು ಹೆಬ್ಬೆಟ್ಟು ಒತ್ತುತ್ತೇನೆ, ನಿನ್ನ ಭಾವ ಬೆರೆಸಿಟ್ಟು ಹೋದ ಕೆಂಪಿನಲ್ಲಿ. ಡಬ್ಬಿಯ ತಳ ಕಾಣುತ್ತಿದೆ. ಒಂದನೇ ತಾರೀಕಿಗೆ ಹೊಸ ಲೇಬಲ್ಲು ಅಚ್ಚಿಗೆ ಹೋಗುತ್ತದೆ. ಅಳತೆ ಕೈಗೆ ಬಾರದೆ ಮೊಮ್ಮಗಳು ಕಂಪ್ಯೂಟರ್ ಮುಟ್ಟುವುದಿಲ್ಲವಂತೆ. ಅವಳು ಮುಟ್ಟದಿದ್ದರೆ ಇನ್ನೊಬ್ಬರು ಯಾರೋ ಕಣ್ಣಂದಾಜಿಗೆ ಕೂರುತ್ತಾರೆ.

ನಿನ್ನ ಮನೆಯಲ್ಲಿ ಯಾರಿಗೂ ಕೆಮ್ಮು ಬಾರದಿರಲಿ. ನಿನ್ನ ಹೊಟ್ಟೆ ತಣ್ಣಗಿರಲಿ, ಕಣ್ಣು ನೆಟ್ಟಗಿರಲಿ. ಈ ತಿಂಗಳು ಮುಗಿಯುವುದರೊಳಗೆ ಉತ್ತರ ಬರೆ, ನಿನ್ನ ಕೈಯಿಂದಲೇ.

ಹೆಬ್ಬೆರಳಿನ ಕೆಂಪು ತೊಳೆದರೂ ಹೋಗದ
ನಿನ್ನ ಅಕ್ಕ