ಪುತಳಾಬಾಯಿಯ ದನಿಗೆ ಯಾವ ಪ್ರಿಆಂಪ್

ಫೆಬ್ರವರಿ ೧೧, ಬುಧವಾರ, ಬೀದರ

ನಾಳೆ ಹಲಬರ್ಗಾದಲ್ಲಿ ಪುತಳಾಬಾಯಿಯ ಬೀಸುವ ಪದದ ರೆಕಾರ್ಡಿಂಗ್. ನಾಡಿದ್ದು ಆಕೆಗೆ ಗಂಟಲಿನ ಆಪರೇಷನ್, ಆಮೇಲೆ ದನಿ ಇರುವುದಿಲ್ಲ. ಬೀಸುಕಲ್ಲು ತಿರುಗಿಸದೆ ಆಕೆಗೆ ಹಾಡಲು ಬರುವುದಿಲ್ಲ; ತಿರುಗಿಸುವ ಶಕ್ತಿ ಇನ್ನೊಂದು ಸಲಕ್ಕಷ್ಟೇ ಇದೆ.

ಮೈಕಿನ ದನಿ ಹಿಗ್ಗಿಸುವ ಪ್ರಿಆಂಪ್ ನನ್ನಲ್ಲಿ ಎರಡಿವೆ, ಹಳೇ ವಾಲ್ವಿನದೊಂದು, ಸಾದಾ ಒಂದು; ಯಾವುದನ್ನು ಒಯ್ಯಲಿ? ಇವತ್ತು ಆಕೆಯನ್ನು ಮಾತನಾಡಿಸಿ, ಎರಡರಲ್ಲೂ ರೆಕಾರ್ಡ್ ಮಾಡಿ ಕೇಳಿಸಿದೆ. ಮೊದಲು ಕೇಳಿಸಿದ ವಾಲ್ವಿನದರಲ್ಲಿ ದನಿ ತುಂಬಿಕೊಂಡು ಇಂಪಾಗುತ್ತದೆ, ಆದರೆ ಅದು ದನಿಗೆ ಹಚ್ಚಿದ ಬಣ್ಣವನ್ನು ಆಮೇಲೆ ತೆಗೆಯಲಾಗುವುದಿಲ್ಲ. ಸಾದಾದರಲ್ಲಿ ಉಸಿರು ಸಿಕ್ಕಿಕೊಳ್ಳುವುದೂ ಕೇಳುತ್ತದೆ.

"ಮೊದಲಿಂದೇ ಇರ್ಲಿರಿ, ಅವ್ವಗ ಜಡ್ಡೇ ಇಲ್ಲದಂಗ ಕೇಳಸ್ತದ" ಎಂದಳು ಆಕೆಯ ಬಸುರಿ ಮಗಳು ಸರಿತಾ. ಪುತಳಾಬಾಯಿ ಅವಳ ಹೊಟ್ಟೆ ಮುಟ್ಟಿ ನನ್ನನ್ನು ಕೇಳಿದಳು: "ಈ ಕೂಸಿಗಿ ಯಾವ್ದು ನನ್ನ ದನಿ ಅಂತ ಕೇಳಸ್ತೀರಿ?"

ಬೀದರಿಗೆ ಮರಳಿ ಸಾದಾದನ್ನು ಚೀಲಕ್ಕೆ ಹಾಕಿದೆ, ತೆಗೆದೆ. ನಾಳೆ ನಾನು ಹಿಡಿದ ದನಿಯೇ ಆ ಕೂಸಿಗೆ ಅಜ್ಜಿ. ತಪ್ಪಿದರೆ ತಿದ್ದಲು ಇನ್ನೊಂದು ಸಲವಿಲ್ಲ.