ನಮ್ಮ ಮೆಟ್ಟಿಲೇ ಬೆಳ್ಳಗಿತ್ತು

ಅಕ್ಟೋಬರ್ 4, 2018. ಗುರುವಾರ

ಮೆಟ್ಟಿಲು ತೊಳೆದು ಹೊರಟೆ. ಸೊಂಟ ಹಿಡಿದರೂ ಚಾಳಿ ಬಿಡಲಿಲ್ಲ. ಮತ್ತೆ ಅದೇ ಚರ್ಚ್ ಹಾಲ್. ಅದೇ ನೀರುಚಹಾ. ಅದೇ ಹನ್ನೊಂದು ಮುದಿತಲೆಗಳು — ನನ್ನದೂ ಸೇರಿ. ಲೈಬ್ರರಿಯ ಹುಡುಗಿ ಟ್ಯಾಮ್ಸಿನ್ 'ಹಳೆಯ ಶೆಫೀಲ್ಡ್ ನೆನಪುಗಳು' ಎಂದು ಗೋಡೆಗೆ ಅಂಟಿಸಿದ್ದಾಳೆ. ನನ್ನನ್ನು ಎನಿಡ್ ಎಂದು ಹೆಸರು ಹಿಡಿದು ಕರೆಯುತ್ತಾಳೆ. ಮಿಸೆಸ್ ಎಂದರೆ ನಾಲಿಗೆ ಸವೆಯುತ್ತದೇನೋ.

ಇವತ್ತು ಕ್ಲಿಫರ್ಡ್ ಓಲ್ಡ್‌ರಾಯ್ಡ್‌ನ ಸರದಿ. ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯವನು, ಸದಾ ಮೂಗು ಸುರಿಸುತ್ತಿದ್ದ. ಆ ಕಾಲದಲ್ಲಿ ಯಾರೂ ಬೀಗ ಹಾಕುತ್ತಿರಲಿಲ್ಲವಂತೆ. ಕದಿಯಲು ಏನಿತ್ತು, ಹೊಗೆಯೇ? ಉಕ್ಕಿನ ಕಾರ್ಖಾನೆಯ ಸುತ್ತಿಗೆ ಸದ್ದೇ ಅವನಿಗೆ ಜೋಗುಳವಂತೆ. ಅದೇ ಸದ್ದಿಗೆ ಅವನಪ್ಪ ಕಿವುಡನಾದದ್ದು ಮರೆತಿದೆ. ತಗಡಿನ ತೊಟ್ಟಿಯ ಸ್ನಾನ ಸ್ವರ್ಗವಂತೆ... ಅಣ್ಣಂದಿರಿಬ್ಬರು ಮಿಂದ ಕೊಳೆನೀರಿಗೆ ಇವನು ಮೂರನೆಯವನಾಗಿ ಇಳಿಯುತ್ತಿದ್ದ. ಹೇಳುತ್ತಾ ಕಣ್ಣೊರೆಸಿಕೊಂಡ. ಥೂ.

"ಒಬ್ರಿಗೆ ತಲೆನೋವು ಬಂದ್ರೆ ಇಡೀ ಬೀದಿನೇ ಓಡಿ ಬರ್ತಿತ್ತು" ಅಂದ. ಎಲ್ಲರೂ ತಲೆಯಾಡಿಸಿದರು. ನಾನು ಬಿಸ್ಕತ್ತು ಕಚ್ಚಿದೆ. ಇಲ್ಲದಿದ್ದರೆ ಅವನನ್ನೇ ಕಚ್ಚುತ್ತಿದ್ದೆ.

ಅಕ್ಟೋಬರ್ 7

18ಕ್ಕೆ ನನ್ನ ಸರದಿ. ಅಮ್ಮನ ಫೋಟೋ ತರಬೇಕಂತೆ. ತರುತ್ತೇನೆ. ಓಡಿ ಬರುತ್ತಿದ್ದ ಬೀದಿ 1951ರ ನವೆಂಬರಿನಲ್ಲಿ ಎಲ್ಲಿಗೆ ಓಡಿತ್ತು ಎಂದು ಕೇಳುತ್ತೇನೆ. ಅಮ್ಮ ಒಂಬತ್ತು ದಿನ ಮಹಡಿಯಲ್ಲಿ ಜ್ವರ ಬಂದು ಮಲಗಿದ್ದಳು. ಒಬ್ಬರೂ ಬಾಗಿಲು ತಟ್ಟಲಿಲ್ಲ. ಅಪ್ಪ ಪಾಳಿ ಮುಗಿಸಿ ಬಂದು, ಬರೀ ಶೀತ, ಮನೆ ಮಾತು ಬೀದಿಗೆ ಹೋಗಬಾರದು ಎಂದು ಹೇಳಿ ಮಲಗಿಬಿಡುತ್ತಿದ್ದ. ಡಾಕ್ಟರು ಬರುವ ಹೊತ್ತಿಗೆ ನ್ಯುಮೋನಿಯಾ. ಮುಗಿದಿತ್ತು.

ಅರವತ್ತೇಳು ವರ್ಷ ಕಾದಿದ್ದೇನೆ. ಈ ಗುಂಪಿಗೆ ಸೇರಿದ್ದೇ ಅದಕ್ಕೆ, ಚಹಾಕ್ಕಲ್ಲ.

ಅಕ್ಟೋಬರ್ 16

ಬರೆಯುತ್ತಿದ್ದೇನೆ. ಮೆಟ್ಟಿಲಿನ ವಿಷಯವೂ ಸೇರಬೇಕು. ನಮ್ಮ ಬೀದಿಯಲ್ಲಿ ಹೆಂಗಸಿನ ಮಾನ ಇದ್ದದ್ದು ಮುಂಬಾಗಿಲ ಮೆಟ್ಟಿಲ ಮೇಲೆ. ಮಸಿ ಸುರಿಯುವ ಊರು. ಆದರೂ ದಿನಾ ಬೆಳಿಗ್ಗೆ ತೊಳೆದು, ಕತ್ತೆಕಲ್ಲು ಉಜ್ಜಿ ಬೆಳ್ಳಗೆ ಮಾಡಬೇಕು. ಚಿಂದಿಯವನು ಹಳೇಬಟ್ಟೆಗೆ ಕೊಡುತ್ತಿದ್ದ ಕಲ್ಲು, ಮೇಲೆ ಕತ್ತೆಯ ಮುದ್ರೆ. ಒಂದು ದಿನ ತಪ್ಪಿದರೆ ಸಾಕು, ಆ ಮನೆಯವಳು ಗಲೀಜು ಹೆಂಗಸು.

ಅಮ್ಮ ಮಲಗಿದ ಮರುಬೆಳಿಗ್ಗೆಯೇ ನಾನು ಕಲ್ಲು ಹಿಡಿದೆ. ನನಗಾಗ ಒಂಬತ್ತೇ ವರ್ಷ. ಸ್ಕೂಲಿಗೆ ಮುಂಚೆ ಮಂಡಿಯೂರಿ, ಅಮ್ಮನ ಹಾಗೆಯೇ ಅಂಚಿಗೆ ಗೆರೆ ಎಳೆದು... ಒಂದು ದಿನವೂ ತಪ್ಪಲಿಲ್ಲ. ಯಾರೂ ಅವಳನ್ನು ಆಡಿಕೊಳ್ಳಬಾರದು, ಅಷ್ಟೇ. ಅಮ್ಮನಿಗೆ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಇದನ್ನೂ ಓದುತ್ತೇನೆ. ಕೇಳಲಿ.

ಅಕ್ಟೋಬರ್ 18, ಸಂಜೆ 5

ಓದಲಿಲ್ಲ.

ಫೋಟೋ ಮೇಜಿನ ಮೇಲಿಟ್ಟು ಕನ್ನಡಕ ಹುಡುಕುತ್ತಿದ್ದೆ. ಕ್ಲಿಫರ್ಡ್ ಎತ್ತಿಕೊಂಡು ನೋಡಿದ. ಎಪ್ಪತ್ತಾರರ ನನ್ನನ್ನು ಪುಟ್ಟಿ ಅನ್ನುತ್ತಾನೆ, ಈ ಊರಿನ ಗಂಡಸರೇ ಹಾಗೆ. ಅವನಮ್ಮ ಸಾಯುವವರೆಗೂ ನನ್ನಮ್ಮನನ್ನು ನೆನೆದು ಅಳುತ್ತಿದ್ದಳಂತೆ. ಅತ್ತರೇನು ಬಂತು, ಅವತ್ತು ಬಾಗಿಲು ತಟ್ಟಬೇಕಿತ್ತು ಎಂದೆ.

ಅವನು ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಕೂತ. ಅವನಮ್ಮ ಹಾಲಿನ ಬಾಟಲಿ ತೆಗೆಯಲು ಬಂದಾಗ ದಿನಾ ಎಲ್ಲರ ಮೆಟ್ಟಿಲು ನೋಡುತ್ತಿದ್ದಳಂತೆ. ಆಡಿಕೊಳ್ಳುವುದಕ್ಕಲ್ಲ. ಮಾಸಿದ ಮೆಟ್ಟಿಲು ಕಂಡರೆ ಆ ಮನೆಯಲ್ಲಿ ಏನೋ ಆಗಿದೆ ಎಂದು ಸೂಪು ಹಿಡಿದು ಹೋಗುತ್ತಿದ್ದಳಂತೆ. ಎದುರುಮನೆಯ ಬಾಣಂತಿ ಬದುಕಿದ್ದೇ ಹಾಗೆ.

"ನಿಮ್ಮಮ್ಮ ಎರಡು ದಿನದಿಂದ ಕಂಡಿರ್ಲಿಲ್ಲ. ನಮ್ಮಮ್ಮ ಕೋಟೂ ಹಾಕ್ಕೊಂಡಿದ್ಲು ಪುಟ್ಟಿ. ಬಾಗ್ಲು ತೆಗೆದು ನೋಡಿದ್ರೆ ನಿಮ್ಮ ಮೆಟ್ಲೇ ಎಲ್ಲಾರಿಗಿಂತ ಬೆಳ್ಳಗಿದೆ. ಸದ್ಯ, ಎದ್ದು ಓಡಾಡ್ತಿದಾಳೆ ಅಂತ ಒಳಗ್ ಬಂದ್ಬಿಟ್ಲು."

ಜ್ವರದಲ್ಲೂ ಎದ್ದು ಉಜ್ಜಿದಳಲ್ಲ, ಎಂಥ ಹೆಂಗಸು, ಅಂದ. ಪೆದ್ದ. ಅವನಿಗೆ ಇನ್ನೂ ಹೊಳೆದಿಲ್ಲ.

ಟ್ಯಾಮ್ಸಿನ್ ಕರೆದಳು. ಗಂಟಲು ಸರಿಯಿಲ್ಲ ಎಂದು ಹೇಳಿ ಎದ್ದು ಬಂದೆ.

ಅಕ್ಟೋಬರ್ 25

ಹೋಗಲಿಲ್ಲ. ಮೆಟ್ಟಿಲು ತೊಳೆದು ವಾರವಾಯಿತು. ಬಕೆಟ್ ಕಂಡರೆ ಹೇಸಿಗೆ. ಅವರನ್ನು ಬೈದುಕೊಂಡೇ ಇಷ್ಟು ವರ್ಷ ಬದುಕಿದೆ. ಈಗ ಯಾರನ್ನು ಬೈಯಲಿ?

ನವೆಂಬರ್ 1, ಬೆಳಿಗ್ಗೆ 9

ಬಾಗಿಲು ತಟ್ಟುತ್ತಿದ್ದಾರೆ. ಎರಡು ಸಲ ಆಯಿತು. ಏಳಲಿಲ್ಲ. ಈಗ ಕಾಗದ ಹಾಕುವ ಕಿಂಡಿಯಿಂದ ಅವನ ದನಿ.

"ಪುಟ್ಟಿ... ಮೆಟ್ಲು ಮಾಸಿದೆಯಲ್ಲ. ಹುಷಾರಾಗಿದೀಯಾ?"

ಸೂಪು ತಂದಿರುತ್ತಾನೆ, ಮುಟ್ಠಾಳ. ತೆಗೆಯಬೇಕು. ತೆಗೆದರೆ ಹೇಳಲೇಬೇಕು — ಆ ಒಂಬತ್ತು ದಿನ ಉಜ್ಜಿದ್ದು ಅಮ್ಮ ಅಲ್ಲ, ನಾನು ಎಂದು. ಎದ್ದೆ.